ಒಂಬತ್ತು ತಿಂಗಳ ನಿಬ್ಬು

ಒಂಬತ್ತು ತಿಂಗಳು ಕಾದೆ.
ಹೆರಿಗೆಗೂ ಅಷ್ಟೇ, ಎಂದಳು ಕೆಳಮನೆಯ ನೀವೆಸ್,
ಆದರೆ ಯಾರೂ ಮುಂಗಡ ಕೊಟ್ಟು ಹೆರುವುದಿಲ್ಲ.

ಮುಂಗಡವೆಂದರೆ ಹನ್ನೊಂದು ಪಿಯಾನೋಗಳ ಶ್ರುತಿ.
ಅದರಲ್ಲೊಂದರ ಹೊಟ್ಟೆಯಲ್ಲಿ ಇಲಿ ಗೂಡು ಕಟ್ಟಿ
ಕೆಳಗಿನ ಸಪ್ತಕವೆಲ್ಲ ಮೂಕವಾಗಿತ್ತು.
ಗೂಡು ತೆಗೆದೆ, ಮರಿಗಳನ್ನು ಟೋಪಿಯಲ್ಲಿಟ್ಟು
ಮೆಟ್ಟಿಲಿಳಿದೆ. ಅದಕ್ಕೆ ಬೇರೆ ಕೂಲಿ ಕೇಳಲಿಲ್ಲ.

ಪೆನ್ನು ಬಂದ ದಿನ ತ್ರಿಯೆಸ್ತೆಯಲ್ಲಿ ಬೋರಾ ಗಾಳಿ,
ಮುದುಕರು ಗೋಡೆ ಹಿಡಿದು ನಡೆಯುವಂಥದ್ದು.
ಅಂಚೆಯ ಹುಡುಗ ಡಬ್ಬಿಯನ್ನು
ಹಾಲಿನ ಪಾತ್ರೆಯ ಹಾಗೆ ಎದೆಗವಚಿ ತಂದ.
ಒಳಗೆ ಹತ್ತಿ, ಹತ್ತಿಯೊಳಗೆ ಕಪ್ಪು ಕೊಂಬಿನ ಮೈ,
ಮೈಯ ತುದಿಗೆ ಎರ್ಮೆಸ್ ಬ್ರುಮಾತ್
ಸುತ್ತಿಗೆಯಲ್ಲಿ ಬಡಿದು, ಕೈಯಲ್ಲೇ ಸೀಳಿದ ಚಿನ್ನ.

ಬಾಗಿಲು ಹಾಕಿದೆ. ಶಾಯಿ ತುಂಬಿದೆ.
ಮೊದಲ ಗೆರೆ ಬರಲಿಲ್ಲ.
ಎರಡನೆಯದು ಬಂತು, ಬಂದು ನಡುವೆ ಎಲ್ಲೋ
ಮಾತು ಮರೆತವನ ಹಾಗೆ ನಿಂತಿತು.
ಮೂರನೆಯದು ಕಿರುಗುಟ್ಟಿತು.
ನನ್ನದು ಶ್ರುತಿಗಾರನ ಕಿವಿ ನೋಡಿ,
ಕಾಗದದ ನಾರು ಒಂದೊಂದೇ ಹರಿಯುವುದು ಕೇಳಿಸಿತು.

ಸೋಪಿನ ನೀರಲ್ಲಿ ತೊಳೆದೆ. ಶಾಯಿ ಬದಲಿಸಿದೆ.
ಕಾಗದವನ್ನು ಬೈದೆ.
ಆಮೇಲೆ ಗಡಿಯಾರದ ಅಂಗಡಿಯಿಂದ ಭೂತಗನ್ನಡಿ ತಂದೆ:
ಎರಡು ಹಲ್ಲು, ನಡುವೆ ಒಂದು ಸೀಳು,
ತುದಿಯಲ್ಲಿ ಸಾಸಿವೆಗಿಂತ ಸಣ್ಣ ಎರಡು ಗುಂಡು.
ಎಡದ್ದು ತುಸು ಎತ್ತರ ಅನ್ನಿಸಿತು.
ಅನ್ನಿಸಿತು, ಅಷ್ಟೇ.

ಪಿಯಾನೋದ ಸುತ್ತಿಗೆಯ ಉಣ್ಣೆಗೆ ಸೂಜಿ ಚುಚ್ಚಿ ಚುಚ್ಚಿ
ಗಡಸು ಸ್ವರವನ್ನು ಮೆತ್ತಗಾಗಿಸುವುದು ನಲವತ್ತು ವರ್ಷದ ಕಸುಬು.
ಇದೇನು ಮಹಾ, ಒಂದು ಮೂಗುಬೊಟ್ಟಿನಷ್ಟು ಚಿನ್ನ!
ಹಿತ್ತಾಳೆಯ ತಗಡನ್ನು ಸೀಳಿನಲ್ಲಿ ತೂರಿಸಿ ಎಳೆದೆ.
ನೀವೆಸ್‌ಳ ಉಗುರುಜ್ಜುವ ಪಟ್ಟಿಯ ಮೇಲೆ
ಎಂಟರ ಆಕಾರ ಬರೆದೆ, ನೂರು ಸಲ,
ಮತ್ತೆ ಕಂದು ಕಾಗದದ ಚೀಲದ ಮೇಲೆ ನೂರು.
ಮಧ್ಯರಾತ್ರಿ ಒಂದು ಗುಂಡು ಚಪ್ಪಟೆಯಾಗಿತ್ತು.
ಕಿರುಗುಟ್ಟು ಹೋಗಿರಲಿಲ್ಲ.
ಅದರ ಜೊತೆಗೆ ಈಗ ಜಾರುವುದೂ ಸೇರಿತ್ತು.

ಬೆಳಿಗ್ಗೆ ಫೋನು ಮಾಡಿದೆ.
ಕೂಗಾಡಲೆಂದೇ ಮಾಡಿದ್ದು. ವಾಕ್ಯಗಳನ್ನೂ ಬರೆದಿಟ್ಟುಕೊಂಡಿದ್ದೆ,
ಪೆನ್ಸಿಲ್ಲಿನಲ್ಲಿ.
ಬ್ರುಮಾತ್ ಎಲ್ಲ ಕೇಳಿ, ಕೆಮ್ಮಿ, ನಿಧಾನವಾಗಿ ಅಂದ:
ನಿಮ್ಮ ಎಡಗೈಯ ಕಿರುಬೆರಳ ಕೆಳಗೆ ನೋಡಿ,
ಅಂಗೈಯಂಚು ನೀಲಿಯಾಗಿದೆಯೇ?

ನೋಡಿದೆ.
ಆಗಿತ್ತು.

ಅರ್ಜಿಯಲ್ಲಿ ಕೇಳಿದ್ದೆನಲ್ಲ, ಎಂದ, ಎಡವೋ ಬಲವೋ ಅಂತ.
ನಾನು ಎಳೆಯುವವನಿಗೆ ಮಾಡಿದೆ. ನೀವು ತಳ್ಳುತ್ತಿದ್ದೀರಿ.

ಬಲ ಎಂದೇ ಗುರುತು ಹಾಕಿದ್ದೆ. ಯೋಚಿಸಿಯೂ ಇರಲಿಲ್ಲ.
ಏಳು ವರ್ಷದವನಿದ್ದಾಗ ದೆವೆತಾಕ್ ಮೇಷ್ಟ್ರು
ತಮ್ಮದೇ ಮಫ್ಲರಿನಿಂದ ಈ ಕೈಯನ್ನು ಬೆಂಚಿಗೆ ಕಟ್ಟುತ್ತಿದ್ದರು.
ಗಂಟು ಬಿಗಿಯಿರಲಿಲ್ಲ. ಉಣ್ಣೆ ಬೆಚ್ಚಗಿತ್ತು, ಹೊಗೆಸೊಪ್ಪಿನ ವಾಸನೆ.
ಆವತ್ತಿನಿಂದ ಬಿಲ್ಲಿಗೆ, ಬ್ಯಾಂಕಿಗೆ, ಚರ್ಚಿನ ದಫ್ತರಿಗೆ ಬಲಗೈ.
ಬಾಗಿಲು ಹಾಕಿದ ಮೇಲೆ ಮಾತ್ರ ಇದು.
ನನ್ನ ಹೆಂಡತಿಗೂ ಗೊತ್ತಾದದ್ದು
ಮದುವೆಯಾಗಿ ಮೂರನೆಯ ವರ್ಷ.

ಕಳಿಸಿ, ಮತ್ತೆ ಅರೆದು ಕೊಡುತ್ತೇನೆ, ನಾಲ್ಕು ತಿಂಗಳು, ಎಂದ.
ಉಜ್ಜಿದ ಸಂಗತಿ ಹೇಳಲಿಲ್ಲ ನಾನು.
ಅವನಿಗೆ ತಿಳಿದಿತ್ತೆಂದು ಕಾಣುತ್ತದೆ, ಫೋನಿನಲ್ಲೇ.

ಇನ್ನೂ ಕಳಿಸಿಲ್ಲ.

ಮೊನ್ನೆ ಇಲಿಯ ಪಿಯಾನೋದ ಮನೆಗೆ ಮತ್ತೆ ಹೋಗಿದ್ದೆ.
ಕೆಲಸ ಮುಗಿಸಿ, ಮುಚ್ಚಳದ ಮೇಲೆ ಬಿಲ್ಲು ಬರೆದೆ,
ಇದೇ ಪೆನ್ನು, ಇದೇ ಕೈ, ಆ ಅಮ್ಮ ನೋಡುತ್ತಿರುವಾಗಲೇ.
ಎಪ್ಪತ್ತು ಎಂದು ಬರೆದದ್ದು.
ಏಳರ ನೆತ್ತಿಯ ಗೆರೆ ತಳ್ಳುವ ಗೆರೆ, ಮೂಡಲೇ ಇಲ್ಲ.
ಹತ್ತೇ? ಎಂದಳು, ಕನ್ನಡಕ ಏರಿಸಿ.
ಕೈ ನೋಡಿದಳು. ಕಾಗದ ನೋಡಿದಳು.
ಹತ್ತು ಎಣಿಸಿ ಕೊಟ್ಟಳು.

ತೆಗೆದುಕೊಂಡೆ.
ಮುಚ್ಚಳದ ಮೇಲೆ ಅಂಗೈಯಂಚಿನ ನೀಲಿ ಗುರುತು ಬಿದ್ದಿತ್ತು.
ಒರೆಸಲು ಹೋದರೆ, ಇರಲಿ ಬಿಡಿ, ಎಂದಳು.